ತಲೆಗೆ ಕುಕ್ಕುವ ಆತಿಥ್ಯ

ಬಂದ ಅತಿಥಿಯನ್ನು ಬಾಗಿಲಲ್ಲಿಯೇ ತಲೆಗೆ ಕುಕ್ಕಿ ಎದುರುಗೊಳ್ಳುವ ಮನೆಗೆ ಎರಡನೆಯ ಸಲ ಯಾರು ಹೋದಾರು? ಇಂಗ್ಲೆಂಡಿನ ಈಶಾನ್ಯ ಕರಾವಳಿಯಾಚೆಯ ಫಾರ್ನ್ ದ್ವೀಪಗಳಿಗೆ ಮಾತ್ರ ಜನರು ಹಣ ತೆತ್ತು, ಗುಂಪುಗುಂಪಾಗಿ, ಮತ್ತೆ ಮತ್ತೆ ಹೋಗುತ್ತಾರೆ.

ನಾರ್ತಂಬರ್‌ಲೆಂಡಿನ ಸೀಹೌಸಸ್ ಎಂಬ ಪುಟ್ಟ ಬಂದರಿನಿಂದ ಬೇಸಗೆಯ ಬೆಳಗ್ಗೆ ಯಂತ್ರದೋಣಿಗಳು ಹೊರಡುತ್ತವೆ. ಕೊರಳಲ್ಲಿ ದುರ್ಬೀನು, ಚೀಲದಲ್ಲಿ ಬುತ್ತಿ, ಎಲ್ಲಕ್ಕಿಂತ ಮುಖ್ಯವಾಗಿ ತಲೆಯ ಮೇಲೊಂದು ಟೋಪಿ. ಇವಿಷ್ಟೂ ಪಕ್ಷಿವೀಕ್ಷಕರ ಸಿದ್ಧತೆ. ದ್ವೀಪಗಳು ಒಟ್ಟು ಸುಮಾರು 28. ಉಬ್ಬರ ಬಂದಾಗ ಅವುಗಳಲ್ಲಿ ಹಲವು ಮುಳುಗಿಹೋಗುತ್ತವೆ. ಒಳಫಾರ್ನ್ ಎಂಬ ದ್ವೀಪದಲ್ಲಿ ದೋಣಿ ನಿಂತೊಡನೆ ಟೋಪಿಯ ಮಹಿಮೆ ತಿಳಿಯುತ್ತದೆ. ಆರ್ಕ್ಟಿಕ್ ಟರ್ನ್ ಎಂಬ ಬಿಳಿಯ ಕಡಲಹಕ್ಕಿ ಕಾಲುದಾರಿಯ ಅಂಚಿನಲ್ಲಿಯೇ, ಬರಿಯ ನೆಲದ ಮೇಲೆ ಮೊಟ್ಟೆಯಿಡುತ್ತದೆ. ಸಮೀಪ ಬಂದವರು ಪಂಡಿತರೋ ಪಾಮರರೋ ಎಂದು ನೋಡದೆ ಮೇಲಿನಿಂದೆರಗಿ ಕೊಕ್ಕಿನಿಂದ ತಲೆಗೆ ಕುಕ್ಕುತ್ತದೆ.

ಅದರ ತೂಕ ಸುಮಾರು 100 ಗ್ರಾಮು. ಪೌರುಷವನ್ನು ತೂಗುವ ತಕ್ಕಡಿ ಬೇರೆಯೇ ಇರಬೇಕು. 1982ರಲ್ಲಿ ಇಲ್ಲಿ ಕಾಲುಂಗುರ ತೊಡಿಸಿದ ಒಂದು ಮರಿ, ರೆಕ್ಕೆ ಬಲಿತು ಮೂರೇ ತಿಂಗಳಲ್ಲಿ 22,000 ಕಿಲೋಮೀಟರಿಗೂ ಹೆಚ್ಚು ದೂರದ ಆಸ್ಟ್ರೇಲಿಯದ ಮೆಲ್ಬರ್ನ್ ತಲುಪಿತ್ತು.

ಕುಕ್ಕಲಾರದ ಹಕ್ಕಿಯ ಪಾಡೇನು? ಬಣ್ಣದ ಕೊಕ್ಕಿನ ಪಫಿನ್ ನೆಲದೊಳಗಿನ ಬಿಲದಲ್ಲಿ ವರ್ಷಕ್ಕೆ ಒಂದೇ ಮೊಟ್ಟೆಯಿಡುತ್ತದೆ. 2018ರ ಗಣತಿಯಂತೆ ಈ ದ್ವೀಪಗಳಲ್ಲಿದ್ದುವು ಸುಮಾರು 44,000 ಪಫಿನ್ ಜೋಡಿಗಳು. ಒಳ್ಳೆಯ ಚಿತ್ರದಾಸೆಗೆ ಯಾರಾದರೂ ದಾರಿ ಬಿಟ್ಟು ಒಂದು ಹೆಜ್ಜೆ ಆಚೆಯಿಟ್ಟರೆ, ಬಿಲ ಕುಸಿದು ಆ ವರ್ಷದ ಸಂಸಾರವೇ ಮಣ್ಣುಪಾಲಾಗಬಹುದು. ಹಲಗೆ ಹಾಸಿದ ಇಕ್ಕಟ್ಟಿನ ದಾರಿಯನ್ನು ಯಾರೂ ಬಿಟ್ಟಿಳಿಯಬಾರದೆಂಬ ಕಟ್ಟಳೆಯ ಹಿಂದಿರುವ ಕರುಣೆ ಇದು.

ಈ ಕರುಣೆಗೆ ಅಲ್ಲಿ ಹಳೆಯ ಪರಂಪರೆಯೂ ಉಂಟು. ಏಳನೆಯ ಶತಮಾನದಲ್ಲಿ ಕತ್‌ಬರ್ಟ್ ಎಂಬ ಸಂತನು ಒಳಫಾರ್ನಿನಲ್ಲಿ ಏಕಾಂತವಾಗಿ ತಪಸ್ಸಿನಲ್ಲಿದ್ದು, 687ರಲ್ಲಿ ಅಲ್ಲಿಯೇ ದೇಹ ಬಿಟ್ಟನು. ಈಡರ್ ಎಂಬ ಕಡಲಬಾತುಗಳಿಗೆ ಅವನು ಅಭಯವಿತ್ತನೆಂದು ಪ್ರತೀತಿ. ಇಂದಿಗೂ ಆ ಸೀಮೆಯ ಜನರು ಅವನ ಮುದ್ದು ಹೆಸರಿನಿಂದ ಅವನ್ನು 'ಕಡ್ಡಿಯ ಬಾತು' ಎಂದೇ ಕರೆಯುತ್ತಾರೆ.

ಸಂತನ ಅಭಯವೂ ತಡೆಯಲಾರದ ಕಂಟಕವೊಂದು 2022ರಲ್ಲಿ ಬಂದಿತು. ಹಕ್ಕಿಜ್ವರ ತಗುಲಿ ಸತ್ತ 6,000ಕ್ಕೂ ಹೆಚ್ಚು ಹಕ್ಕಿಗಳನ್ನು ಕಾವಲುಗಾರರು ಆ ವರ್ಷ ಹೆಕ್ಕಿ ತೆಗೆದರು. 1925ರಿಂದ ದ್ವೀಪಗಳ ಒಡೆತನ ಹೊಂದಿರುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಜುಲೈ ತಿಂಗಳಲ್ಲಿ ಜನರು ದಡಕ್ಕಿಳಿಯುವುದನ್ನು ನಿಲ್ಲಿಸಿತು. ದೋಣಿಗಳು ದ್ವೀಪಗಳ ಸುತ್ತ ತಿರುಗಿ ಬಂದುವು, ಕಾಲಿಡಲು ಅಪ್ಪಣೆಯಿರಲಿಲ್ಲ. ಬಂದರಿನ ಊರಿನ ಎಷ್ಟೋ ಕುಟುಂಬಗಳ ಅನ್ನ ಈ ಪ್ರವಾಸಿಗಳಿಂದಲೇ ಹುಟ್ಟುವುದೆಂಬುದನ್ನು ನೆನೆದರೆ, ಅದು ಸುಲಭದ ತೀರ್ಮಾನವಲ್ಲವೆಂದು ವಾಚಕರಿಗೆ ಹೊಳೆಯದಿರದು.

2024ರ ಮಾರ್ಚಿನಲ್ಲಿ ಒಳಫಾರ್ನಿನ ದಡ ಮತ್ತೆ ತೆರೆಯಿತು. ಮೊದಲು ದೋಣಿಯ ಚೀಟಿಯನ್ನು ಕೊಂಡವರು ದ್ವೀಪವನ್ನೇ ಕೊಂಡಂತೆ ಭಾವಿಸಿದ್ದಿರಬಹುದು. ಇಳಿಯುವುದು ಹಕ್ಕಲ್ಲ, ಹಕ್ಕಿಗಳು ಕ್ಷೇಮವಾಗಿರುವಾಗ ದೊರೆಯುವ ಅನುಮತಿ ಎಂಬುದು ಆ ಎರಡು ವರ್ಷಗಳಲ್ಲಿ ಮನವರಿಕೆಯಾಯಿತು. ಹೀಗಿರುವಾಗ, ತಾಯಿ ಟರ್ನೊಂದು ಟೋಪಿಯ ಮೇಲೆ ಠಣ್ಣನೆ ಕುಕ್ಕಿದರೆ ಸಿಟ್ಟೇಕೆ? ಕುಕ್ಕಲು ಅಲ್ಲಿ ಹಕ್ಕಿಯೊಂದು ಉಳಿದಿದೆಯೆಂಬುದೇ ಶುಭವಾರ್ತೆ.