ಕಲಿಕೆ ಬೇಕು, ಬಿಟ್ಟಿ ಚಾಕರಿ ಬೇಡ

ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ಬಿ.ಕಾಂ. ವಿದ್ಯಾರ್ಥಿಗಳು ಕಾಲೇಜಿನ ಪತ್ರ ಹಿಡಿದು ಆಡಿಟರುಗಳ, ತೆರಿಗೆ ಸಲಹೆಗಾರರ ಕಚೇರಿಗಳ ಮೆಟ್ಟಿಲು ಹತ್ತುತ್ತಾರೆ. "ಎರಡು ತಿಂಗಳು ಕೆಲಸ ಕಲಿಸಿ ಸಾರ್, ಸಂಬಳ ಬೇಡ" ಎಂಬುದೇ ಅವರ ಮೊದಲ ಮಾತು. ಕೂಲಿಯ ಪ್ರಸ್ತಾಪ ಬರುವ ಮೊದಲೇ ಕೂಲಿಯನ್ನು ಬಿಟ್ಟುಕೊಡುವ ಈ ಮಾತಿಗೆ ಈಗ ಇಂಟರ್ನ್‌ಶಿಪ್ ಎಂಬ ಗೌರವದ ಹೆಸರು ಬಂದಿದೆ. ಇದು ಕಾಲೇಜಿನವರ ವಿಷಯ, ನಮಗೇನು ಎಂದು ಗಿರಣಿಯ ಕಾರ್ಮಿಕರಾಗಲಿ ಅಂಗಡಿಯವರಾಗಲಿ ತಳ್ಳಿಹಾಕುವಂತಿಲ್ಲ. ಬಿಟ್ಟಿ ದುಡಿಯುವ ಹುಡುಗ ಕಾರ್ಮಿಕನ ಮಗ. ಅವನು ಬರೆಯುವ ಲೆಕ್ಕ ಅಂಗಡಿಯವನದು.

ಲೆಕ್ಕ ಎಷ್ಟು ದೊಡ್ಡ ಮಾತೆಂಬುದು ವ್ಯಾಪಾರಿಗಳಿಗೆ 2025ರ ಜುಲೈನಲ್ಲಿ ಮನವರಿಕೆಯಾಯಿತು. ಯು.ಪಿ.ಐ. ಮೂಲಕ ಬಂದ ಹಣವನ್ನು ಕೂಡಿಸಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ಅಂಗಡಿಗಳಿಗೆ, ಬೇಕರಿಗಳಿಗೆ, ತೆರಿಗೆಯೇ ಇಲ್ಲದ ತರಕಾರಿ ಮಾರುವವರಿಗೂ ನೋಟೀಸು ಕಳಿಸಿತು. ಕಿರ್ದಿ ಪುಸ್ತಕ ಇಟ್ಟವರು ಉತ್ತರ ಕೊಟ್ಟರು, ಇಡದವರು ನಡುಗಿದರು. ನಮ್ಮ ಅರಸೀಕೆರೆಯ ಮಾರುಕಟ್ಟೆಯನ್ನೇ ನೋಡಿ. ತೆಂಗಿನಕಾಯಿಗೆ ಜಿ.ಎಸ್.ಟಿ. ಇಲ್ಲ, ಕೊಬ್ಬರಿಗೆ ಶೇಕಡಾ 5 ಉಂಟೆಂದು 2021ರ ಅಕ್ಟೋಬರಿನ ಸುತ್ತೋಲೆ ಸ್ಪಷ್ಟಪಡಿಸಿತು. ಒಂದೇ ಮಂಡಿಯಲ್ಲಿ ಎರಡೂ ವಹಿವಾಟು ನಡೆಯುವಾಗ ಬಿಲ್ಲನ್ನು ತಪ್ಪು ಕಡೆಗೆ ಬರೆದರೆ ದಂಡ ಯಾರ ತಲೆಗೆ? ಬರೆದವನ ತಲೆಗಲ್ಲ, ವ್ಯಾಪಾರಿಯ ತಲೆಗೆ. ಹೀಗಿರುವಾಗ ಯಾರೂ ಕಲಿಸದ, ಯಾರೂ ಕೂಲಿ ಕೊಡದ, ನಾಳೆ ಬರುವನೋ ಇಲ್ಲವೋ ತಿಳಿಯದ ಹುಡುಗನ ಕೈಗೆ ನಿಮ್ಮ ಪಾಸ್‌ವರ್ಡ್ ಕೊಟ್ಟು ಕೂರುವುದು ಅಗ್ಗದ ವ್ಯವಹಾರವಲ್ಲ.

ಕಚೇರಿ ನಡೆಸುವವರ ಕಷ್ಟವನ್ನು ನಾವು ಬಲ್ಲೆವು. ಸಣ್ಣ ಊರಿನ ಲೆಕ್ಕದ ಕಚೇರಿಯೆಂದರೆ ಒಂದು ಕೋಣೆ, ಎರಡು ಕಂಪ್ಯೂಟರು, ಒಬ್ಬಿಬ್ಬರು ಗುಮಾಸ್ತರು. ಹನ್ನೊಂದನೆಯ ತಾರೀಖಿಗೆ ಮಾರಾಟದ ವಿವರ, ಇಪ್ಪತ್ತಕ್ಕೆ ತೆರಿಗೆಯ ರಿಟರ್ನು. ತಡವಾದರೆ ದಿನಕ್ಕಿಷ್ಟೆಂದು ದಂಡ. ಈ ನೂಕುನುಗ್ಗಲಿನಲ್ಲಿ ಹೊಸಬನಿಗೆ ಕಲಿಸುವ ಪುರಸೊತ್ತು ಎಲ್ಲಿಂದ ತರಬೇಕು? ಮೊದಲ ತಿಂಗಳು ಅವನು ಮಾಡುವ ಕೆಲಸಕ್ಕಿಂತ ತಿದ್ದುವ ಕೆಲಸವೇ ಹೆಚ್ಚು ಎನ್ನುತ್ತಾರೆ. ಅದು ನಿಜ. ಆದರೆ ಎರಡನೆಯ ತಿಂಗಳು ಅದೇ ಹುಡುಗ ಬೆಳಗಿನಿಂದ ಸಂಜೆಯವರೆಗೆ ಬಿಲ್ಲುಗಳನ್ನು ಕಂಪ್ಯೂಟರಿಗೆ ಏರಿಸುತ್ತಾನಲ್ಲ, ಅದು ಕಲಿಕೆಯೇ? ಗುಮಾಸ್ತನಿಗೆ ಕೂಲಿ ಕೊಟ್ಟು ಮಾಡಿಸಬೇಕಾದ ಕೆಲಸ ಅದು.

ಸಂಬಳವಿಲ್ಲದೆ ದುಡಿಯಲು ಯಾರಿಗೆ ಸಾಧ್ಯ? ಮನೆಯಲ್ಲಿ ಅನ್ನಕ್ಕೆ ಕೊರತೆಯಿಲ್ಲದವನಿಗೆ. ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲಿಯ ಮಗ ರಜೆಯ ಎರಡು ತಿಂಗಳು ದುಡಿದು ಮುಂದಿನ ಫೀಜಿಗೆ ಕೂಡಿಡಬೇಕು. ಹಳೇಬೀಡಿನಿಂದ ಬೇಲೂರಿಗೆ ಸುಮಾರು 16 ಕಿಲೋಮೀಟರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಚಾರ್ಜು ತಪ್ಪಿತು, ಒಳ್ಳೆಯದಾಯಿತು. ಮಧ್ಯಾಹ್ನದ ಊಟದ ಖರ್ಚು ತಪ್ಪಲಿಲ್ಲ. ಹೀಗೆ ಬಡವನ ಮಗ ಹಿಂದೆ ಸರಿಯುತ್ತಾನೆ. ನಾಳೆ ಕೆಲಸಕ್ಕೆ ಕರೆದಾಗ "ಅನುಭವ ಇದೆಯೇ?" ಎಂಬ ಪ್ರಶ್ನೆಗೆ ಅವನಲ್ಲಿ ಉತ್ತರವಿರುವುದಿಲ್ಲ.

ಈ ನಾಡಿನಲ್ಲಿ ಲೆಕ್ಕ ಬರೆಯುವ ವಿದ್ಯೆ ಒಂದು ಕಾಲಕ್ಕೆ ಮನೆತನದ ಸೊತ್ತಾಗಿತ್ತು. ಶಾನುಭೋಗರ ಮಗ ಶಾನುಭೋಗನಾಗುತ್ತಿದ್ದ. ಊರಿನ ಲೆಕ್ಕ ಊರಿನವರಿಗೇ ತಿಳಿಯುತ್ತಿರಲಿಲ್ಲ. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ರದ್ದುಮಾಡುವ ಕಾನೂನು 1961ರಲ್ಲಿ ಆಯಿತು, 1963ರಲ್ಲಿ ಜಾರಿಗೆ ಬಂತು. ಮುಂಬಾಗಿಲಿನಿಂದ ಹೊರಗೆ ಹಾಕಿದ ಆ ಪದ್ಧತಿಯನ್ನು ಬಿಟ್ಟಿ ಇಂಟರ್ನ್‌ಶಿಪ್ಪಿನ ಹಿತ್ತಲ ಬಾಗಿಲಿನಿಂದ ಮತ್ತೆ ಒಳಗೆ ಕರೆಯಬೇಕೆ?

ಕಾನೂನು ಏನು ಹೇಳುತ್ತದೆ? ಅದೇ 1961ರಲ್ಲಿ ಅಪ್ರೆಂಟಿಸ್ ಕಾಯಿದೆಯೂ ಬಂತು. ಅದರಡಿ 2019ರಲ್ಲಿ ತಿದ್ದಿದ ನಿಯಮಗಳು ಪದವೀಧರ ಅಪ್ರೆಂಟಿಸನಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಗೊತ್ತುಪಡಿಸಿದವು. ಆದರೆ 30 ಮತ್ತು ಅದಕ್ಕೆ ಮೇಲ್ಪಟ್ಟು ಜನ ದುಡಿಯುವ ಕಡೆ ಮಾತ್ರ ಅಪ್ರೆಂಟಿಸರನ್ನು ತೆಗೆದುಕೊಳ್ಳುವುದು ಕಡ್ಡಾಯ. ಮೂರು ಜನರ ಕಚೇರಿ ಆ ಲೆಕ್ಕಕ್ಕೇ ಬರುವುದಿಲ್ಲ. ಚಾರ್ಟರ್ಡ್ ಅಕೌಂಟೆಂಟ್ ಆಗಬೇಕಾದವರ ಆರ್ಟಿಕಲ್‌ಶಿಪ್ಪಿಗೆ ಸಂಸ್ಥೆಯೇ ಕನಿಷ್ಠ ಭತ್ಯ ನಿಗದಿಮಾಡಿದೆ, ಅದೂ ಊರಿನ ಜನಸಂಖ್ಯೆ ನೋಡಿ: ಸಣ್ಣ ಊರು, ಸಣ್ಣ ಭತ್ಯ. 2024ರಲ್ಲಿ ಕೇಂದ್ರ ಸರ್ಕಾರ ತಿಂಗಳಿಗೆ 5,000 ರೂಪಾಯಿಯ ಇಂಟರ್ನ್‌ಶಿಪ್ ಯೋಜನೆ ಸಾರಿದಾಗ ಅದು ದೇಶದ 500 ದೊಡ್ಡ ಕಂಪನಿಗಳಿಗೆ. ನಮ್ಮ ಬಿ.ಕಾಂ. ವಿದ್ಯಾರ್ಥಿ ಈ ಯಾವ ಕೊಡೆಯ ಅಡಿಯಲ್ಲೂ ಇಲ್ಲ. ಕಾನೂನು ಬಾರದ ಕಡೆ ಊರೇ ನ್ಯಾಯ ಕಟ್ಟಿಕೊಳ್ಳಬೇಕು.

ನಾವು ಹೇಳುವುದು ಇಷ್ಟು. ವಿದ್ಯಾರ್ಥಿಯನ್ನು ಕಚೇರಿಗೆ ತೆಗೆದುಕೊಳ್ಳಿ, ಬಾಗಿಲು ಹಾಕಬೇಡಿ. ಮೊದಲ ತಿಂಗಳು ಬಸ್ ಚಾರ್ಜು, ಊಟದ ಹಣ ಕೊಡಿ. ಎರಡನೆಯ ತಿಂಗಳಿಂದ 3,000 ರೂಪಾಯಿಗೆ ಕಡಿಮೆಯಿಲ್ಲದ ಭತ್ಯ ಕೊಡಿ. 2024ರ ಜನವರಿಯಲ್ಲಿ ಆರಂಭವಾದ ಯುವನಿಧಿ ಕೆಲಸ ಸಿಗದ ಪದವೀಧರನಿಗೆ ಗೊತ್ತುಮಾಡಿದ ಮೊತ್ತವೇ ಅದು. ದುಡಿಯುವವನಿಗೆ ಅದಕ್ಕಿಂತ ಕಡಿಮೆ ಸಲ್ಲದು. ಕೆಲಸದ ಹೊತ್ತು, ಕಲಿಸುವ ಪಾಠ ಎರಡನ್ನೂ ಮೊದಲ ದಿನವೇ ಕಾಗದದ ಮೇಲೆ ಬರೆಯಿರಿ. ಮೊದಲು ವೋಚರು ಮತ್ತು ಕಿರ್ದಿ. ಆಮೇಲೆ ಬ್ಯಾಂಕಿನ ಪಟ್ಟಿಯೊಡನೆ ತಾಳೆ. ಅನಂತರ ಖರೀದಿ ಬಿಲ್ಲುಗಳನ್ನು ಪೋರ್ಟಲಿನ ಪಟ್ಟಿಯೊಡನೆ ಹೊಂದಿಸುವುದು. ಕೊನೆಗೆ ಒಂದು ರಿಟರ್ನನ್ನು ಮೊದಲಿನಿಂದ ಕಡೆಯವರೆಗೆ ನಿಮ್ಮ ಕಣ್ಣೆದುರು ಸಿದ್ಧಪಡಿಸುವುದು. ಗಿರಾಕಿಯ ಪಾಸ್‌ವರ್ಡು, ಕೊನೆಯ ಸಹಿ ಮಾತ್ರ ನಿಮ್ಮ ಕೈಯಲ್ಲೇ ಇರಲಿ.

ಹೀಗೆ ಷರತ್ತು ಹಾಕಿದರೆ ಯಾವ ಕಚೇರಿಯೂ ಹುಡುಗರನ್ನು ಸೇರಿಸದು ಎಂಬ ಮಾತು ಬರಬಹುದು. ಒಬ್ಬರಿಂದ ಆಗದಿದ್ದರೆ ಎರಡು ಮೂರು ಕಚೇರಿಗಳು ಸೇರಿ ಒಬ್ಬನನ್ನು ಸರದಿಯ ಮೇಲೆ ಇಟ್ಟುಕೊಳ್ಳಲಿ. ಭತ್ಯವೂ ಹಂಚಿಹೋಗುತ್ತದೆ, ಕಲಿಕೆಯೂ ಬಗೆಬಗೆಯದಾಗುತ್ತದೆ. ವ್ಯಾಪಾರಿ ಮಿತ್ರರಿಗೂ ಒಂದು ಮಾತು. ವರ್ಷವಿಡೀ ಲೆಕ್ಕ ಬರೆಸಿಕೊಂಡು ಫೀಜಿಗೆ ಚೌಕಾಸಿ ಮಾಡುವವರು ನಾವೇ ಅಲ್ಲವೇ? ಆ ಚೌಕಾಸಿಯ ಭಾರ ಕಡೆಗೆ ಬಂದು ಬೀಳುವುದು ಕಚೇರಿಯ ಅತಿ ಕಿರಿಯನ ಬೆನ್ನಿನ ಮೇಲೆ. ನೂರು ರೂಪಾಯಿ ಹೆಚ್ಚು ಕೊಡಿ, ಅದು ಅವನಿಗೆ ಸೇರಿತೇ ಎಂದು ಕೇಳಿ. ಕಾಲೇಜುಗಳೂ ಬರಿಯ ಮೊಹರು ನೋಡಿ ಅಂಕ ಹಾಕದೆ, ಅಧ್ಯಾಪಕರನ್ನು ಒಮ್ಮೆಯಾದರೂ ಕಚೇರಿಗೆ ಕಳಿಸಲಿ.

2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ಶಿಲ್ಪಗಳ ಕೆಳಗೆ ತಮ್ಮ ಹೆಸರು ಕೆತ್ತಿದ್ದಾರೆ. ಅರಸನ ಗುಡಿಯಲ್ಲೂ ಉಳಿ ಹಿಡಿದವನ ಹೆಸರಿಗೆ ಜಾಗವಿತ್ತು. ನಮ್ಮ ಕಚೇರಿಗಳು ಕೊಡುವ ಪ್ರಮಾಣಪತ್ರದಲ್ಲೂ ಹುಡುಗ ಮಾಡಿದ ಕೆಲಸ ಇಂಥದ್ದೆಂದು ಸ್ಪಷ್ಟವಾಗಿ ಬರೆದಿರಲಿ, ಮಾಡಿದ ಕೆಲಸಕ್ಕೆ ಕಾಸೂ ಸಂದಿರಲಿ. ಪರರ ಲೆಕ್ಕವನ್ನು ಪೈಸೆ ಬಿಡದೆ ತಾಳೆ ನೋಡುವವರು ತಮ್ಮ ಕೋಣೆಯ ಈ ಬಾಕಿಯನ್ನು ಮೊದಲು ತೀರಿಸಲಿ.