ಅರವತ್ತಕ್ಕೆ ಅರಳು ಮರಳೇ?

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಮನೆಯ ಹಿರಿಯರು ಕನ್ನಡಕವನ್ನು ಎಲ್ಲಿಯೋ ಇಟ್ಟು ಮರೆತರೆ, ಹೇಳಿದುದನ್ನೇ ಮತ್ತೆ ಹೇಳಿದರೆ, ಈ ಗಾದೆಯನ್ನಾಡಿ ನಕ್ಕು ಸುಮ್ಮನಾಗುತ್ತೇವೆ. ಆದರೆ ಅವರ ಮರೆವಿಗೆಲ್ಲ ವಯಸ್ಸೊಂದೇ ಕಾರಣವೇ? ಅದರಲ್ಲಿ ನಮ್ಮ ಪಾಲೇನೂ ಇಲ್ಲವೇ?

ನಮ್ಮ ಕೋಪರಖೈರಣೆಯನ್ನೇ ನೋಡೋಣ. ಕಲಬುರಗಿ, ಯಾದಗಿರಿ, ವಿಜಯಪುರಗಳ ಕಡೆಯಿಂದ ಹೊಟ್ಟೆಪಾಡಿಗೆ ಬಂದ ನಾವು, ಊರಲ್ಲಿ ಒಂಟಿಯಾದ ತಂದೆತಾಯಿಗಳನ್ನು ಇಲ್ಲಿಗೆ ಕರೆತರುತ್ತೇವೆ. ಬೆಳಗಾದರೆ ಮಗ ಸೊಸೆ ದುಡಿಮೆಗೆ, ಮೊಮ್ಮಕ್ಕಳು ಶಾಲೆಗೆ. ನೆರೆಮನೆಯ ಮಾತು ಮರಾಠಿ, ಬೀದಿಯ ಮಾತು ಹಿಂದಿ. ಯಾರೂ ಹಿರಿಯರನ್ನು ದೂರವಿಟ್ಟಿಲ್ಲ. ಆದರೂ ಅವರು ದೂರವಾಗಿರುವರು.

ನಮ್ಮ ತಾಯಿಯವರು ಊರಲ್ಲಿ ಓಣಿಯ ಮಕ್ಕಳೆಲ್ಲ ಹುಟ್ಟಿದ ದಿನಗಳನ್ನು ನೆನಪಿನಲ್ಲಿಟ್ಟವರು. ಇಲ್ಲಿಗೆ ಬಂದು ಎರಡು ವರ್ಷವಾಗುವಷ್ಟರಲ್ಲಿ ‘ಇಂದು ಯಾವ ವಾರ?’ ಎಂದು ಕೇಳತೊಡಗಿದರು. ನಾವು ಗಾದೆ ಹೇಳಿ ನಕ್ಕೆವು. ವಾರ ತಿಳಿಯಲು ಅವರಿಗೆ ಇಲ್ಲಿ ಊರಿನ ಸಂತೆಯೂ ಇರಲಿಲ್ಲ, ಸೋಮವಾರದ ಗುಡಿಯೂ ಇರಲಿಲ್ಲವೆಂಬುದು ನಮಗೆ ತಡವಾಗಿ ಹೊಳೆಯಿತು.

ಮರೆಗುಳಿ ರೋಗವು ಮುಪ್ಪಿನ ಸಹಜ ಧರ್ಮವಲ್ಲವೆಂದು ವೈದ್ಯರು ಹೇಳುವರು. ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಸಮಿತಿಯು 2024ರಲ್ಲಿ, ಈ ರೋಗದ ಅಪಾಯವನ್ನು ಹೆಚ್ಚಿಸುವ, ಆದರೆ ನಾವು ತಗ್ಗಿಸಬಹುದಾದ 14 ಅಂಶಗಳನ್ನು ಎಣಿಸಿತು. ಕಿವಿ ಮಂದವಾಗುವುದು, ರಕ್ತದೊತ್ತಡ, ಮಧುಮೇಹ ಮೊದಲಾದವುಗಳೊಡನೆ ಜನಸಂಪರ್ಕವಿಲ್ಲದ ಬಾಳೂ ಅದರಲ್ಲಿದೆ. ಮಾತನಾಡುವವನು ಕೇಳಬೇಕು, ನೆನೆಯಬೇಕು, ಪದ ಹುಡುಕಬೇಕು, ಎದುರಿನವರ ಮುಖಭಾವವನ್ನು ಅರಿಯಬೇಕು. ಮೆದುಳಿಗೆ ಇದೊಂದು ದೊಡ್ಡ ವ್ಯಾಯಾಮ. ಬಳಸದ ಕುಡುಗೋಲಿಗೆ ತುಕ್ಕು ಹಿಡಿಯುವುದಲ್ಲವೇ?

ಒಂಟಿತನವೊಂದೇ ರೋಗದ ಮೂಲವೆಂದು ನಮ್ಮ ಅಭಿಪ್ರಾಯವಲ್ಲ. ಮರೆವು ಹೆಚ್ಚುತ್ತಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಆದರೆ ಮಾತಿನ ಜೊತೆಯನ್ನು ವೈದ್ಯರು ಕೊಡಲಾರರು. ಅದನ್ನು ಮನೆಯವರೇ ಕೊಡಬೇಕು.

ವಿದ್ಯಾರ್ಥಿಗಳೇ, ಈ ನಗರದಲ್ಲಿ ಕನ್ನಡ ಕಲಿತು ಏನು ಪ್ರಯೋಜನವೆಂದು ನಿಮ್ಮನ್ನು ಕೆಲವರು ಕೇಳುವರು. ಅಜ್ಜಿಯ ಮಾತು ತಿಳಿಯುವ ಕಿವಿ ನಿಮ್ಮದೆಂದು ಅವರಿಗೆ ಹೇಳಿರಿ. ದಿನಕ್ಕೆ ಅರ್ಧ ಗಂಟೆ ಅವರ ಬಳಿ ಕುಳಿತು ಪಾಠ ಓದಿರಿ, ಒಗಟು ಕೇಳಿರಿ. ಸಂಜೆ ಮಾರುಕಟ್ಟೆಗೆ ಕರೆದೊಯ್ದು ನಾಲ್ಕು ಮರಾಠಿ ಮಾತು ಕಲಿಸಿರಿ. ಪಕ್ಕದ ಕಟ್ಟಡದ ಕನ್ನಡದ ಅಜ್ಜಿಯೊಬ್ಬರ ಪರಿಚಯ ಮಾಡಿಸಿರಿ. ಹೇಳಿದ ಕಥೆಯನ್ನೇ ಮತ್ತೆ ಹೇಳಿದರೆ ಮತ್ತೊಮ್ಮೆ ಕೇಳಿರಿ. ನಿಮಗೆ ಮಾತು ಕಲಿಸುವಾಗ ಅವರೂ ಒಂದೇ ಮಾತನ್ನು ನೂರು ಸಲ ಹೇಳಿದ್ದರು.