ಹಿಗ್ಗಿನ ಗೆರೆಗಳು

ಸೀಮಂತದ ಹಸೆಯ ಮುಂದೆ ಜೋಡಿಸುವ ವಸ್ತುಗಳ ಸಾಲಿಗೆ ಈಚಿನ ವರ್ಷಗಳಲ್ಲಿ ಹೊಸದೊಂದು ಸೇರಿಕೊಂಡಿದೆ. ಹಸಿರು ಬಳೆ, ಮೊಗ್ಗಿನ ಜಡೆ, ಸೀರೆ ಕುಪ್ಪಸ, ಬಗೆಬಗೆಯ ಚಿತ್ರಾನ್ನಗಳ ಪಕ್ಕದಲ್ಲಿ, ಅಂದವಾದ ಪೆಟ್ಟಿಗೆಯೊಳಗೆ, ಒಂದು ಪುಟ್ಟ ಎಣ್ಣೆಯ ಸೀಸೆ. ಬಸುರಿಯ ಹೊಟ್ಟೆಯ ಮೇಲೆ ಗೆರೆಗಳು ಮೂಡದಂತೆ ಅದು ಕಾಯುವುದಂತೆ. ಗೆಳತಿಯರು ಅಕ್ಕರೆಯಿಂದ ಕೊಟ್ಟ ಉಡುಗೊರೆ. ಅಕ್ಕರೆಯಲ್ಲಿ ಸಂಶಯವಿಲ್ಲ, ಸಂಶಯವಿರುವುದು ಸೀಸೆಯ ಮೇಲೆ ಅಚ್ಚಾದ ಭರವಸೆಯಲ್ಲಿ.

ಕನ್ನಡ ಪಾಠ ಹೇಳುವ ಮೇಷ್ಟರಿಗೆ ಈ ವಿಷಯದ ಗೊಡವೆ ಏಕೆಂದು ವಾಚಕರು ಹುಬ್ಬೇರಿಸಬಹುದು. ನಾಯಿಕೆಯ ನಡುವಿನ ತ್ರಿವಳಿಯನ್ನು ತರಗತಿಯಲ್ಲಿ ವರ್ಣಿಸಲು ಯಾರ ಅಪ್ಪಣೆಯೂ ಬೇಕಿಲ್ಲವಾದರೆ, ಅದೇ ನಾಯಿಕೆ ತಾಯಾದ ಮೇಲೆ ಅದೇ ನಡುವಿನಲ್ಲಿ ಕಾಣಿಸಿಕೊಳ್ಳುವ ಗೆರೆಗಳ ಬಗೆಗೆ ಎರಡು ಮಾತನಾಡಲು ಸಂಕೋಚವೇಕೆ? ‘ಹಿಗ್ಗು’ ಎಂಬ ನಮ್ಮ ಮಾತಿಗೆ ಅಗಲವಾಗುವುದು ಎಂಬ ಅರ್ಥವೂ ಉಂಟು, ಸಂತೋಷಪಡುವುದು ಎಂಬ ಅರ್ಥವೂ ಉಂಟು. ಈ ಗೆರೆಗಳಿಗೆ ಇದಕ್ಕಿಂತ ಒಪ್ಪುವ ಹೆಸರು ನನಗೆ ತೋರದು.

ನಮ್ಮ ಚರ್ಮಕ್ಕೆ ಮೇಲಿನದೊಂದು ತೆಳುವಾದ ಪದರ, ಅದರ ಕೆಳಗೆ ದಪ್ಪನೆಯದೊಂದು ಪದರ. ಚರ್ಮಕ್ಕೆ ಬಿಗಿಯನ್ನೂ ಹಿಗ್ಗುವ ಗುಣವನ್ನೂ ಕೊಡುವ ಎಳೆಗಳು ಇರುವುದು ಕೆಳಗಿನ ಪದರದಲ್ಲಿ. ಮೈ ಅಲ್ಪ ಕಾಲದಲ್ಲಿ ಬಹಳ ಹಿಗ್ಗಿದಾಗ ಈ ಎಳೆಗಳು ಅಲ್ಲಲ್ಲಿ ಹರಿಯುತ್ತವೆ. ಗರ್ಭಕಾಲದಲ್ಲಿ ದೇಹದಲ್ಲಿ ಹೆಚ್ಚುವ ಕೆಲವು ಸ್ರಾವಗಳು ಅವನ್ನು ಮೊದಲೇ ಸಡಿಲಗೊಳಿಸಿರುತ್ತವೆ. ಬಟ್ಟೆಯ ಮೇಲ್ಮೈ ನೆಟ್ಟಗಿದ್ದು ಒಳಗಿನ ಅಸ್ತರಿ ಬಿರಿದಂತೆ ಇದು. ಬಿರಿದ ಜಾಗದಲ್ಲಿ ಮೊದಲು ಕೆಂಪು ಅಥವಾ ನೇರಳೆ ಛಾಯೆಯ ಗೆರೆ. ತಿಂಗಳುಗಳು ಕಳೆದಂತೆ ಅದು ಮಾಸಿ, ಬಿಳುಪಾಗಿ, ಬೆಳ್ಳಿಯ ಎಳೆಯಂತಾಗುತ್ತದೆ. ಅಂದರೆ ಇದು ಕೊಳೆಯಲ್ಲ, ರೋಗವಲ್ಲ. ಒಳಗಿನಿಂದ ಮಾಯ್ದ ಗಾಯದ ಗುರುತು. ತಾಯಿಗೆ ಮೂಡಿದ್ದರೆ ಮಗಳಿಗೂ ಮೂಡುವ ಸಂಭವ ಹೆಚ್ಚು. ಚಿಕ್ಕ ವಯಸ್ಸಿನ ಬಸುರಿಗೂ, ತೂಕ ಬಹಳ ಏರಿದವಳಿಗೂ ಹಾಗೆಯೇ. ಇವುಗಳಲ್ಲಿ ತೂಕವನ್ನು ಒಂದಿಷ್ಟು ಹತೋಟಿಯಲ್ಲಿಡಬಹುದು, ಅದೂ ವೈದ್ಯರ ಸಲಹೆಯಂತೆ. ಗೆರೆಗೆ ಅಂಜಿ ಬಸುರಿ ಅರೆಹೊಟ್ಟೆ ಉಣ್ಣುವುದು ಅವಿವೇಕ.

ನಮ್ಮ ಹಿಂದಿನವರು ಇದನ್ನು ಕಾಣದೆ ಇರಲಿಲ್ಲ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ‘ಕಿಕ್ಕಿಸ’ ಎಂಬ ಹೆಸರಿನಲ್ಲಿ ಇದರ ಪ್ರಸ್ತಾಪವಿದೆ. ಅಲ್ಲಿನ ವಾದಸರಣಿ ಬಲು ಸ್ವಾರಸ್ಯಕರ. ಏಳನೆಯ ತಿಂಗಳಲ್ಲಿ ಶಿಶುವಿಗೆ ಕೂದಲು ಹುಟ್ಟುವುದರಿಂದ ತಾಯಿಗೆ ಉರಿಯುಂಟಾಗುವುದೆಂದು ಹೆಂಗಸರು ಹೇಳುತ್ತಾರೆಂದು ಮೊದಲು ತಿಳಿಸಿ, ಹಾಗಲ್ಲವೆಂದು ಆತ್ರೇಯನ ಮತವನ್ನು ಗ್ರಂಥ ಮುಂದಿಡುತ್ತದೆ: ಬೆಳೆಯುವ ಗರ್ಭದ ಒತ್ತಡದಿಂದ ದೋಷಗಳು ಎದೆಯ ಕಡೆಗೆ ಸರಿದು ಉರಿ ಹುಟ್ಟಿಸುತ್ತವೆ, ಉರಿಯಿಂದ ತುರಿಕೆ, ತುರಿಕೆಯಿಂದ ಕಿಕ್ಕಿಸ. ದೋಷಗಳ ಮಾತು ಇಂದಿನ ವೈದ್ಯಕ್ಕೆ ಒಪ್ಪಿಗೆಯಾಗದಿರಬಹುದು. ಆದರೆ ಮೂಲ ಕಾರಣ ಒಳಗಿನ ಒತ್ತಡವೆಂದು ಹಿಡಿದ ದೃಷ್ಟಿ ಮೆಚ್ಚತಕ್ಕದ್ದು. ಚಿಕಿತ್ಸೆಯೂ ಸೌಮ್ಯವಾದದ್ದೇ: ಔಷಧಿಗಳಿಂದ ಸಂಸ್ಕರಿಸಿದ ಬೆಣ್ಣೆಯನ್ನು ಎಲಚಿಯ ಕಷಾಯದೊಡನೆ ಸೇವಿಸುವುದು, ಗಂಧ ಮತ್ತು ತಾವರೆದಂಟಿನ ಲೇಪ. ಚರ್ಮ ಬಿರಿದು ವಿರೂಪವಾಗದಿರಲೆಂದು ಉಗುರಿನಿಂದ ಕೆರೆಯಬೇಡಿರೆಂಬ ಎಚ್ಚರಿಕೆ ಬೇರೆ. ತುರಿಕೆ ತಡೆಯಲಾರದಾದರೆ ಮೆಲ್ಲನೆ ಉಜ್ಜಿಕೊಳ್ಳಲು ಅನುಮತಿ.

ಇನ್ನು ಇಂದಿನ ಪರೀಕ್ಷೆಗಳು. ಗರ್ಭಿಣಿಯರಿಗೆ ಹಚ್ಚುವ ಎಣ್ಣೆ ಮುಲಾಮುಗಳಿಂದ ಗೆರೆಗಳು ತಪ್ಪುವವೇ ಎಂದು ನಡೆದ ಪ್ರಯೋಗಗಳನ್ನು 2012ರಲ್ಲಿ ಕಾಕ್ರೇನ್ ಸಂಸ್ಥೆಯ ಪರಾಮರ್ಶೆಯೊಂದು ಒಟ್ಟುಗೂಡಿಸಿ ನೋಡಿತು. 6 ಪ್ರಯೋಗಗಳು, 800 ಮಂದಿ ಸ್ತ್ರೀಯರು. ಹಚ್ಚಿದವರಿಗೂ ಹಚ್ಚದವರಿಗೂ ನಂಬತಕ್ಕ ವ್ಯತ್ಯಾಸ ಕಾಣಲಿಲ್ಲ. ಕೋಕೋ ಬೆಣ್ಣೆಯದೂ ಆಲಿವ್ ಎಣ್ಣೆಯದೂ ಇದೇ ಕತೆ. ಮೇಲೆ ಸವರಿದ್ದು ಕೆಳಗಿನ ಎಳೆಗಳನ್ನು ಕಟ್ಟಿ ನಿಲ್ಲಿಸಲಾರದು, ಅಷ್ಟೆ.

ಹಾಗೆಂದು ಎಣ್ಣೆಯನ್ನು ಮೂಲೆಗೆಸೆಯಬೇಕಿಲ್ಲ. ಬಿಗಿದ ಚರ್ಮದ ಒಣಗುವಿಕೆಯೂ ತುರಿಕೆಯೂ ಅದರಿಂದ ಶಮನವಾಗುತ್ತವೆ. ಅತ್ತೆಯೋ ತಾಯಿಯೋ ಸಂಜೆಯ ಹೊತ್ತು ಹಗುರವಾಗಿ ಸವರಿದ ಎಣ್ಣೆಯಿಂದ ಬಸುರಿಗೆ ನಿದ್ರೆ ಬರುವುದಾದರೆ ಅದೇನು ಸಣ್ಣ ಲಾಭವೆ? ಆ ಕೆಲಸವನ್ನು ಮನೆಯ ಕೊಬ್ಬರಿ ಎಣ್ಣೆಯೇ ಮಾಡಬಲ್ಲುದು. ಆದರೆ ಗೆರೆಗಳ ಜಾಗದಲ್ಲಲ್ಲದೆ ಅಂಗೈ ಅಂಗಾಲುಗಳಲ್ಲಿ, ಅದರಲ್ಲೂ ರಾತ್ರಿಯ ವೇಳೆ, ದದ್ದಿಲ್ಲದೆ ತುರಿಕೆ ತೊಡಗಿತೆಂದರೆ ಎಣ್ಣೆ ಹಚ್ಚುತ್ತ ಕುಳಿತಿರಬಾರದು. ಗರ್ಭಕಾಲದಲ್ಲಿ ಪಿತ್ತಜನಕಾಂಗದ ಕಡೆಯಿಂದ ಬರುವ ತೊಂದರೆಯೊಂದರ ಲಕ್ಷಣ ಅದಾಗಿರಬಹುದು, ಶಿಶುವಿಗೂ ಅಪಾಯ. ಅಂದೇ ವೈದ್ಯರನ್ನು ಕಾಣಬೇಕು.

ಮೂಡಿದ ಗೆರೆಗಳನ್ನು ಅಳಿಸಬಹುದೆ? ಪೂರ್ತಿಯಾಗಿ ಅಳಿಸುವ ವಿದ್ಯೆ ಇನ್ನೂ ಕೈಗೂಡಿಲ್ಲ. ಗೆರೆ ಕೆಂಪಗಿರುವಾಗ ಟ್ರೆಟಿನಾಯಿನ್ ಎಂಬ ಮುಲಾಮು ಸ್ವಲ್ಪ ಮಟ್ಟಿಗೆ ತಿಳಿಯಾಗಿಸಬಲ್ಲುದು. ಆದರೆ ಬಸುರಿಯರು ಅದನ್ನು ಮುಟ್ಟಬಾರದು, ಹಾಲೂಡುವ ತಾಯಂದಿರು ವೈದ್ಯರನ್ನು ಕೇಳದೆ ಹಚ್ಚಬಾರದು. ಲೇಸರ್ ಕಿರಣದ ಚಿಕಿತ್ಸೆ, ಸೂಕ್ಷ್ಮ ಸೂಜಿಗಳ ಚಿಕಿತ್ಸೆಗಳು ಚರ್ಮವೈದ್ಯರಲ್ಲುಂಟು. ಹಲವು ಸಲ ಹೋಗಬೇಕು, ಹಣವೂ ಹೆಚ್ಚು, ಫಲ ಕೊಂಚ ಮಸುಕಾಗುವುದು ಮಾತ್ರ. ಚಿಕಿತ್ಸೆಯಿಲ್ಲದೆಯೂ ಒಂದೆರಡು ವರ್ಷಗಳಲ್ಲಿ ಕಾಲವೇ ಬಹುಪಾಲು ಆ ಕೆಲಸ ಮಾಡುತ್ತದೆ.

ಗೆರೆಗಳು ಬಸುರಿಯರ ಸೊತ್ತೇನೂ ಅಲ್ಲ. ಹದಿನಾಲ್ಕು ಹದಿನೈದರ ಹರೆಯದಲ್ಲಿ ಮಕ್ಕಳು ಸರ‍್ರನೆ ಎತ್ತರ ಬೆಳೆಯುವಾಗ ಹುಡುಗಿಯರಿಗೆ ತೊಡೆ ಸೊಂಟಗಳಲ್ಲಿ, ಹುಡುಗರಿಗೆ ಬೆನ್ನಿನ ಕೆಳಭಾಗದಲ್ಲಿ ಅಡ್ಡಡ್ಡವಾಗಿ ಇವು ಕಾಣಿಸಿಕೊಳ್ಳುತ್ತವೆ. ಬೆತ್ತದ ಬರೆಯೆಂದು ತಿಳಿದು ಮೇಷ್ಟರ ಮೇಲೆ ಅನುಮಾನ ಹುಟ್ಟಿದರೆ ಆಶ್ಚರ್ಯವಿಲ್ಲ! ಇವೂ ನಿರುಪದ್ರವಿ.

ನಿಜವಾಗಿ ಅಂಜಬೇಕಾದ ಗೆರೆಗಳು ಬೇರೆ ಇವೆ. ಈ ಪುಟವನ್ನು ನಾನು ಬರೆಯಹೊರಟದ್ದೇ ಅವುಗಳಿಗಾಗಿ. ವಿದ್ಯಾರ್ಥಿನಿಲಯಗಳಲ್ಲಿ ತೊಡೆಸಂದಿಯ ಹುಳುಕಡ್ಡಿ ಸಾಮಾನ್ಯ. ಹುಡುಗನಿಗೆ ವೈದ್ಯರ ಬಳಿ ಹೇಳಲು ನಾಚಿಕೆ. ಔಷಧದಂಗಡಿಯಲ್ಲಿ ಪಿಸುಗುಟ್ಟಿದರೆ ಒಂದು ಟ್ಯೂಬು ಸಿಗುತ್ತದೆ. ಹಚ್ಚಿದ ಎರಡೇ ದಿನಕ್ಕೆ ತುರಿಕೆ ಮಾಯ. ಬಿಟ್ಟರೆ ಮತ್ತೆ ತುರಿಕೆ, ಮತ್ತೆ ಟ್ಯೂಬು. ಒಂದೇ ಟ್ಯೂಬು ಕೊಠಡಿಯಿಂದ ಕೊಠಡಿಗೆ, ರಜೆಯಲ್ಲಿ ಮನೆಗೆ, ಅಣ್ಣನಿಂದ ತಂಗಿಗೆ ಸಂಚರಿಸುತ್ತದೆ. ಇಂತಹ ಹಲವು ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಅದು ತುರಿಕೆಯನ್ನು ಅಡಗಿಸುತ್ತದೆಯೇ ಹೊರತು ಹುಳುಕಡ್ಡಿಯನ್ನು ಕೊಲ್ಲುವುದಿಲ್ಲ. ಮರೆಯಲ್ಲಿ ರೋಗ ಹರಡುತ್ತದೆ. ಚರ್ಮದ ಎಳೆಗಳು ನವೆದು ತೊಡೆಸಂದಿಯಲ್ಲೂ ಕಂಕುಳಲ್ಲೂ ಬೆರಳಗಲದ ಗೆರೆಗಳು ಬಿರಿಯುತ್ತವೆ. ಇವು ಜೀವಮಾನವಿಡೀ ಉಳಿಯುವಂಥವು. ಮುಖ ಬೆಳ್ಳಗಾಗಲೆಂದು ಇದನ್ನೇ ಹಚ್ಚುವವರೂ ಇದ್ದಾರೆ. ಅವರ ಪಾಡು ಇನ್ನೊಂದು ಅಧ್ಯಾಯ.

ಇಂತಹ 14 ಬಗೆಯ ಸ್ಟೀರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಮಾಡಿತು. ನಿಯಮ ಕಾಗದದಲ್ಲಿದೆ, ಟ್ಯೂಬು ಕೈಗೆ ಸಿಗುತ್ತಲೇ ಇದೆ. ಆದುದರಿಂದ ಮನೆಯ ಕಪಾಟಿನಲ್ಲಿರುವ ಟ್ಯೂಬುಗಳನ್ನು ಒಮ್ಮೆ ಕನ್ನಡಕ ಹಾಕಿಕೊಂಡು ಓದಿರಿ. ಕ್ಲೋಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಎಂಬ ಹೆಸರು ಸಣ್ಣಕ್ಷರದಲ್ಲಿ ಕಂಡರೆ ಅದು ಸ್ಟೀರಾಯ್ಡ್. ತಕ್ಕ ರೋಗಕ್ಕೆ, ತಕ್ಕಷ್ಟು ದಿನ, ವೈದ್ಯರು ಬರೆದುಕೊಟ್ಟಾಗ ಅವು ಒಳ್ಳೆಯ ಔಷಧಗಳೇ. ಮುಲಾಮಿನ ಬಳಕೆಯಿಲ್ಲದೆಯೂ ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆಗಳು ಮೂಡಿ, ಮುಖ ಉಬ್ಬಿ, ರಕ್ತದೊತ್ತಡ ಏರಿದ್ದರೆ ದೇಹವೇ ಆ ಜಾತಿಯ ಸ್ರಾವವನ್ನು ಅತಿಯಾಗಿ ಸುರಿಸುತ್ತಿರಬಹುದು. ಅದಕ್ಕೂ ಪರೀಕ್ಷೆ ಬೇಕು.

ಬಹುಕಾಲ ಹಚ್ಚಿದವರು ಆ ಟ್ಯೂಬನ್ನು ಜೊತೆಗೆ ಒಯ್ದು ಚರ್ಮವೈದ್ಯರಿಗೆ ತೋರಿಸಬೇಕು. ಎಷ್ಟು ತಿಂಗಳು ಹಚ್ಚಿದ್ದೆಂಬುದನ್ನು ಮುಚ್ಚಿಡದೆ ಹೇಳಬೇಕು. ಹುಳುಕಡ್ಡಿಯಾದರೆ ಮನೆಯವರೆಲ್ಲರ ಮೈಯನ್ನೂ ಪರೀಕ್ಷಿಸುವುದು ಅವಶ್ಯ. ಚೌಕ, ಒಳಉಡುಪುಗಳನ್ನು ಬೇರೆಯಾಗಿ ಬಿಸಿನೀರಿನಲ್ಲಿ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು. ಔಷಧವನ್ನು ತುರಿಕೆ ನಿಂತ ಮೇಲೂ ವೈದ್ಯರು ಹೇಳಿದಷ್ಟು ವಾರ ಮುಂದುವರಿಸಬೇಕು.